ಬಣ್ಣ ಐತಿ, ಖಾರಿಲ್ಲ

ಸೋಮವಾರ ಪ್ಯಾಟಿ.
ರವಿವಾರದ ಸಿನಿಮಾ ಕಾಶಿಂಬಿ ಕಣ್ಣಾಗ
ಇನ್ನೂ ಆರಿರೂದಿಲ್ಲ.
ಬ್ಯಾಡಗಿ ಯಾರ್ಡಿನ ತಗಡಿನ ನೆರಳಾಗ
ತೊಟ್ಟು ಮುರಿಯೋರು ಹನ್ನೊಂದು ಮಂದಿ,
ಮೂಗಿಗೆ ಸೆರಗು, ಮುಂದ ಕೆಂಪು ಗುಡ್ಡ.
ಆಕಿ ಮೊದಲನೇ ಸೀನು ಹೇಳೂದ್ರಾಗ
ನಾವೆಲ್ಲಾ ಎರಡೆರಡು ಸೀನಿ ಮುಗಿಸಿರತೀವಿ.

"ಹೆಂಗೈತಬೇ?" ದ್ಯಾಮವ್ವ ಕೇಳಬೇಕು,
ಕಾಶಿಂಬಿ ಒಂದು ಕಾಯಿ ಎತ್ತಿ ಬಿಸಲಿಗೆ ಹಿಡೀತಾಳ,
ಥೇಟ್ ದಲಾಲರು ಹಿಡಿದಂಗ.
"ಬಣ್ಣ ಐತಿ, ಖಾರಿಲ್ಲ."

ಆತು. ಮೂರು ತಾಸಿನ ಸಿನಿಮಾ ಅಷ್ಟ.

ಹೋದ ತಿಂಗಳದ್ದು ಗುಂಟೂರು ಮಾಲು:
ಹೊರಗ ಬಂದ ಮ್ಯಾಲೂ ಎದಿ ಉರಿ,
ಯಾರು ಯಾರನ್ನ ಯಾಕ ಹೊಡದ್ರೋ ನೆನಪಿಲ್ಲ.
ಅದರ ಹಿಂದಿನದು ನೀರು ಹೊಡದದ್ದು,
ತೂಕಕ್ಕಂತ ನಾಕು ಹಾಡು ಸೇರಿಸ್ಯಾರ.
ದೆವ್ವದ್ದಕ್ಕ ಹುಡುಗೂರನ್ನ ಕರಕೊಂಡು ಹೋಗ್ರಿ,
ಅಂಜೂದೇನಿಲ್ಲ,
ನಮ್ಮ ನೆಗೆಣ್ಣಿ ತಲಿ ಬಿಚ್ಚಿ ನಿಂತ್ರ
ಅದಕ್ಕಿಂತ ಬರೊಬ್ಬರಿ ಕಾಣತಾಳ.

"ಮೊಬೈಲಿನ್ಯಾಗ ನಾಕೂವರಿ ಚಿಕ್ಕಿ ಕೊಟ್ಟಾರಲ್ಲ ಚಿಗವ್ವಾ,"
ಅಂತು ಪೂರ್ಣಿಮಾ, ಕಾಲೇಜು ಸೂಟಿಗೆ ಬಂದ ಕೂಸು.
"ಚಿಕ್ಕಿ ಕೊಡಾಕ ಅವರಪ್ಪನ ಗಂಟೇನು ಹೋಗತೈತಿ?
ನಾ ಎಂಬತ್ತು ರೂಪಾಯಿ ಕೊಟ್ಟೀನಿ.
ಎಂಬತ್ತಂದ್ರ ಎಷ್ಟು ತೊಟ್ಟು, ಎಣಿಸು."

ಒಂದಕ್ಕ ಮಾತ್ರ ಆಕಿ ಕಾಯಿ ಎತ್ತಲಿಲ್ಲ.
ಕೈ ಗುಡ್ಡದಾಗ ಹೂತು ಹಂಗ ಕುಂತಿತ್ತು.
"ಹೋಗಿ ಬರ್ರಿ," ಅಂದ್ಲು.
"ಅದರಾಗ ಒಂದು ಸೀನು ಐತಿ.
ಆಕಿ ರೊಟ್ಟಿ ಬಡಿಯಾಕ ಕುಂತಿರತಾಳ,
ಖಾರದ ಕೈಲೆ ಕಣ್ಣು ಒರಸಿಕೊಂಡು ಬಿಟ್ಟಾಳ.
ಅವ ಹಿತ್ತಲ ಬಾಗಲದಿಂದ ಬರತಾನ. ಮಾತಿಲ್ಲ.
ತಂಬಗಿ ತುಂಬಿಕೊಂಡು, ಆಕಿ ಗದ್ದಾ ಎತ್ತಿ ಹಿಡದು,
ಕಣ್ಣು ತೊಳೀತಾನ.
ಹಂಚಿನ ಮ್ಯಾಲೆ ರೊಟ್ಟಿ ಹೊತ್ತತೈತಿ.
ಅಷ್ಟು ನೋಡಿ ಎದ್ದು ಬಂದ್ರೂ ರೊಕ್ಕ ಬಂದಂಗ."

ಆಕಿ ಗಂಡನ ಮಾತು ನಾವ್ಯಾರೂ ತೆಗಿಯಾಂಗಿಲ್ಲ.
ತೊಟ್ಟು ತೆಗಿಯೂದಕ್ಕ ಪಗಾರ, ಅದಕ್ಕಲ್ಲ.

ರವಿವಾರ ನಾನೂ ಹಾವೇರಿಗೆ ಹೋದೆ.
ನಾಯಕಿ ವಕೀಲಿ. ಕಪ್ಪು ಕೋಟು, ಕಾರು, ಕೋರ್ಟು.
ಒಲಿ ಕಂಡದ್ದು ಒಮ್ಮೆ, ಅದೂ ಗ್ಯಾಸು,
ಅದರ ಮ್ಯಾಲೆ ಚಾ.
ರೊಟ್ಟಿ ಬರಲಿಲ್ಲ. ತಂಬಗಿ ಬರಲಿಲ್ಲ.
ಸಣ್ಣಕ್ಷರದ ಹೆಸರೆಲ್ಲಾ ಮ್ಯಾಲೇರಿ ಹೋಗೂತನಾ ಕುಂತೆ,
ಕಸ ಹೊಡಿಯಾವ ಬಂದು "ಏಳಬೇ ಯವ್ವಾ" ಅಂದ.

ಶೇಂಗಾ ತರಾಕ ಎದ್ದಾಗ ಹೋಗಿಬಿಟ್ಟಿತೇನೋ.
ಮುಂದಿನ ರವಿವಾರ ಮತ್ತ ಎಂಬತ್ತು.
ಈ ಸಲ ಶೇಂಗಾನೂ ಇಲ್ಲ, ಉಚ್ಚಿಗೂ ಏಳಲಿಲ್ಲ.
ಇಲ್ಲ.

ಸೋಮವಾರ.
ಕಾಶಿಂಬಿ ಮುಖ ಎತ್ತದನ ಕೇಳಿದ್ಲು:
"ನೋಡಿದಿ?"
"ನೋಡಿದೆ."
"ಆ ಸೀನು?"

ನನ್ನ ಕೈಯಾಗಿನ ಕಾಯಿ ಒಣಗಿತ್ತು,
ಅಲ್ಲಾಡಿಸಿದ್ರ ಒಳಗ ಬೀಜ ಗಿಲ್ ಅಂದ್ವು.
"ಭಾಳ ಚಲೋ ತಗದಾರ," ಅಂದೆ.
"ನೀರು ಹಾಕೂವಾಗ ಅವನ ಕೈ ನಡಗತಿತ್ತು, ನೋಡಿದೇನು?"

ಆಕಿ ನನ್ನ ನೋಡಿದ್ಲು.
ಚೀಲ ಹೊತ್ತಾವ ಒಬ್ಬ ನಮ್ಮ ನಡುವ ದಾಟಿ ಹೋದ,
ಇನ್ನೊಬ್ಬ ಹೋದ, ಆಕಿ ಇನ್ನೂ ನೋಡತಿದ್ಲು.
"ಹೌದು," ಅಂದ್ಲು. "ನಡಗತಿತ್ತು."

"ಹೊತ್ತಿದ ರೊಟ್ಟಿ ಅವನ ತಿಂದ," ಅಂದ್ಲು ಫಕ್ಕೀರವ್ವ,
ಸಿನಿಮಾ ಮಾರಿ ನೋಡಿ ಆರು ವರ್ಷಾಗಿದ್ದಾಕಿ.
"ತಿಂದ ಏನು?" ಕಾಶಿಂಬಿ ಅತ್ತಾಗ ಹೊಳ್ಳಿದ್ಲು.
"ತಿಂದ. ಚಲೋ ಆಗೇತಿ ಅಂದ."

ಪೂರ್ಣಿಮಾ ಮೊಬೈಲು ಹಿಡದು ಬಾಯಿ ತೆರೀತು,
"ಆದ್ರ ಅಂಥಾ ಸೀನು ಎಲ್ಲಿ"

ದ್ಯಾಮವ್ವ ಖಾಲಿ ಚೀಲ ಎತ್ತಿ
ಕೂಸಿನ ಮಗ್ಗಲಕ್ಕ ಝಾಡಿಸಿದ್ಲು.

ಹನ್ನೊಂದೂ ಮಂದಿ ಸೀನಿದಿವಿ.